ಗಂಜಿಯ ರುಚಿ ನೋಡುವವನು

ಲಿಂಗಪ್ಪನ್‌ನ ಹೊಟ್ಟೆನೋವು ಅವನೊಬ್ಬನ ಸ್ವತ್ತಾಗಿ ಬಹಳ ದಿನ ಉಳಿಯಲಿಲ್ಲ. ಸೂಲೂರು ದಾಟಿ ತಿರುಪ್ಪೂರಿನ ಕಡೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಕ್ಕಿರುವ, ಮನೆಯಲ್ಲಿ ಕನ್ನಡವಾಡುವ ನೇಕಾರರ ಆ ಬೀದಿಯಲ್ಲಿ ಯಾರ ಯಾವುದೂ ಅವರೊಬ್ಬರದಾಗಿ ಉಳಿಯುವುದಿಲ್ಲ. ಒಂದು ಮನೆಯ ಸಾರಿಗೆ ಉಪ್ಪು ಹೆಚ್ಚಾದರೆ ಮೂರನೆಯ ಮನೆಯವರು ಅದರ ಬಗ್ಗೆ ಅಭಿಪ್ರಾಯ ಹೇಳುತ್ತಾರೆ. ಬೆಳಿಗ್ಗೆ ಹಲ್ಲುಜ್ಜುತ್ತಾ ಜಗಲಿಗೆ ಬಂದವರು, "ಏನ್ ಲಿಂಗಪ್ಪಾ, ಹೊಟ್ಟೆ ಎಂಗದೆ?" ಅನ್ನುತ್ತಿದ್ದರು. ಅವನು "ಅಂಗೇ ಅದೆ" ಅನ್ನುತ್ತಿದ್ದ. ಕೇಳಿದವರು ಸಮಾಧಾನದಿಂದ ಬಾಯಿ ಮುಕ್ಕಳಿಸುತ್ತಿದ್ದರು.

ಎದೆಗೂಡಿನ ಕೆಳಗೆ ಉರಿ. ಎದ್ದ ಕೂಡಲೆ ವಾಕರಿಕೆ. ಎರಡು ತುತ್ತು ತಿಂದರೆ ಹೊಟ್ಟೆ ಉಬ್ಬರ, ತಿನ್ನದಿದ್ದರೆ ಸಂಕಟ, ನಡುನಡುವೆ ಭೇದಿ. ಏನು ತಿಂದರೂ ಬಾಯಲ್ಲಿ ಬೇರೆಯದೇ ಒಂದು ಒಗರು. ಬಸ್ ಸ್ಟಾಪಿನ ಪಕ್ಕ ಕ್ಲಿನಿಕ್ ಇಟ್ಟಿದ್ದ ಡಾಕ್ಟರ್ ಶಣ್ಮುಗಂ ಇದಕ್ಕೆ ಅಲ್ಸರ್ ಎಂದು ಹೆಸರಿಟ್ಟ. ಶಣ್ಮುಗಂ ಅದೇ ಬೀದಿಯಲ್ಲಿ ಹುಟ್ಟಿದವನು. ಅವನ ಅಪ್ಪ ಮಗ್ಗ ನೇಯ್ದು ಅವನನ್ನು ಓದಿಸಿದ್ದ. ಹಾಗಾಗಿ ಅವನು ಎಲ್ಲರಿಗೂ "ನಮ್ ಹುಡುಗ". ನಮ್ಮ ಹುಡುಗ ಅಲ್ಸರ್ ಅಂದ ಮೇಲೆ ಅದು ಅಲ್ಸರ್. ಅಲ್ಲಿಯವರೆಗೆ ಬೀದಿಯಲ್ಲಿ ಇಂಗ್ಲಿಷ್ ಹೆಸರಿನ ಕಾಯಿಲೆ ಯಾರಿಗೂ ಬಂದಿರಲಿಲ್ಲವಾದ್ದರಿಂದ ಲಿಂಗಪ್ಪನ್‌ಗೆ ಸ್ವಲ್ಪ ಮರ್ಯಾದೆಯೂ ಹೆಚ್ಚಾಯಿತು.

ಖಾರ ಬೇಡ, ಹುಳಿ ಬೇಡ, ಹುರುಳಿ ಬೇಡ, ಕಾಫಿಯಂತೂ ಬೇಡವೇ ಬೇಡ, ಹಾಲು ಮತ್ತು ಮೊಸರನ್ನ ಮಾತ್ರ ಎಂದು ಶಣ್ಮುಗಂ ಕಟ್ಟು ಹಾಕಿದ. ಇದನ್ನು ಅವನು ಹೇಳಿದ್ದು ಲಿಂಗಪ್ಪನ್‌ನ ಜಗಲಿಯ ಮೇಲೆ ಕೂತು, ಲಿಂಗಪ್ಪನ್‌ನ ಹೆಂಡತಿ ನಾಚಿಯಮ್ಮ ಕೊಟ್ಟ ಕಾಫಿ ಕುಡಿಯುತ್ತಾ. ನಾಚಿಯಮ್ಮನ ಕಾಫಿ ಚೆನ್ನಾಗಿರುತ್ತಿತ್ತು. ಆಮೇಲೆ ಎಲ್ಲಾ ತಪಾಸಣೆಗಳೂ ಜಗಲಿಯಲ್ಲೇ ನಡೆದವು.

ಲಿಂಗಪ್ಪನ್ ನೇಕಾರರ ಬೀದಿಯಲ್ಲಿ ಹುಟ್ಟಿಯೂ ನೇಯದವನು. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅವನ ಎಡಗಾಲನ್ನು ಸಣ್ಣದು ಮಾಡಿ ಹೋಗಿತ್ತು. ಗುಂಡಿಮಗ್ಗದಲ್ಲಿ ಕೂತವನು ಎರಡು ಕಾಲಲ್ಲೂ ತುಳಿಯಬೇಕು. ಒಂದೇ ಕಾಲಿನವನಿಗೆ ಆ ಬೀದಿಯಲ್ಲಿ ಕೆಲಸವಿಲ್ಲ, ಕೆಲಸವಿಲ್ಲದವನಿಗೆ ಮಾತಿಲ್ಲ. ಮದುವೆ ಮನೆಯಲ್ಲಿ ಯಾರಾದರೂ, "ನೀನೇನಂತೀ ಲಿಂಗಪ್ಪಾ?" ಅಂತ ಕೇಳಿದ್ದು ಅವನ ಯೌವನದಲ್ಲಿ ಒಮ್ಮೆಯೂ ಇಲ್ಲ. ಕಟ್ಟಿಗೆ ತರುವುದು, ಒಲೆ ಉರಿಸುವುದು, ಗಂಜಿಯ ಹಂಡೆಯಲ್ಲಿ ಸೌಟು ತಿರುಗಿಸುವುದು, ಇಷ್ಟೇ ಅವನ ಪಾಲಿಗೆ ಬಂದದ್ದು.

ಈ ಗಂಜಿ ಕುಡಿಯುವ ಗಂಜಿಯಲ್ಲ. ಸೀರೆಯ ಉದ್ದದ ಎಳೆಗಳನ್ನು ಮಗ್ಗಕ್ಕೆ ಏರಿಸುವ ಮುಂಚೆ, ಬಿಸಿಲೇರುವುದರೊಳಗೆ ಬೀದಿಯುದ್ದಕ್ಕೂ ಎಳೆದು ಕಟ್ಟಿ, ಬುರುಸಿನಿಂದ ಗಂಜಿ ಬಳಿದು ಒಣಗಿಸುತ್ತಾರೆ. ಅದಕ್ಕೆ ಅಲ್ಲಿ ಪಾವು ಹಾಕುವುದು ಅಂತ ಹೆಸರು. ಗಂಜಿ ಸರಿಯಾಗಿ ಕೂರದಿದ್ದರೆ ಮಗ್ಗದಲ್ಲಿ ಎಳೆ ಪಟಪಟ ಹರಿಯುತ್ತದೆ. ಅಕ್ಕಿಹಿಟ್ಟು, ಸ್ವಲ್ಪ ಕಡಲೆಕಾಯಿ ಎಣ್ಣೆ, ಬೂಷ್ಟು ಹಿಡಿಯದಿರಲೆಂದು ಒಂದಿಷ್ಟು ಮೈಲುತುತ್ತ, ಇವು ಸೇರಿ ಕುದಿಯಬೇಕು. ಮೈಲುತುತ್ತವೆಂದರೆ ನವಿಲಿನ ಕತ್ತಿನ ಬಣ್ಣದ ಹರಳು, ರೈತರು ಬಳ್ಳಿಗೆ ರೋಗ ಬಂದರೆ ಹೊಡೆಯುವಂಥದ್ದು.

ಒಂದು ಮಳೆಗಾಲ ಹಂಡೆ ತಿರುಗಿಸುತ್ತಿದ್ದ ಲಿಂಗಪ್ಪನ್ ಬೆರಳದ್ದಿ ನೆಕ್ಕಿ, "ಇದು ಬೆಂದಿಲ್ಲ" ಅಂದ. ಹಿರಿಯರು ನಕ್ಕು ಹಾಗೇ ಬಳಿದರು. ಆ ಪಾವು ಒಂದೊಂದು ಗೇಣಿಗೂ ಹರಿಯಿತು. ಮುಂದಿನ ಸಲ, "ಎಂಗದೆ ನೋಡು" ಎಂದು ಅವನನ್ನೇ ಕೇಳಿದರು. ಅವನು ನೆಕ್ಕಿ, "ಆಯ್ತು" ಅಂದ. ಅಲ್ಲಿಂದ ಮುಂದೆ ಯಾರ ಮನೆಯ ಪಾವೇ ಇರಲಿ, ಲಿಂಗಪ್ಪನ್ ಬಂದು, ತೋರುಬೆರಳು ಅದ್ದಿ, ನಾಲಿಗೆಗಿಟ್ಟು, ಕಣ್ಣು ಮುಚ್ಚಿ, "ಆಯ್ತು" ಅನ್ನುವವರೆಗೆ ಬುರುಸು ಎತ್ತುವವರಿಲ್ಲ. ಬೀದಿಯ ಗಂಡಸರು ಹೆಂಗಸರೆಲ್ಲ ಅವನ ಬಾಯನ್ನೇ ನೋಡುತ್ತಾ ನಿಂತಿರುವ ಆ ಒಂದು ಗಳಿಗೆಗಾಗಿ ಅವನು ದಿನವೂ ಹಾಸಿಗೆಯಿಂದ ಏಳುತ್ತಿದ್ದ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಆದರೆ ಅದು ನಿಜ.

ನೆಕ್ಕಿದ್ದನ್ನು ಉಗಿಯುವಂತಿಲ್ಲ. ಎಳೆದು ಕಟ್ಟಿದ ಪಾವು ಆ ಬೀದಿಯವರಿಗೆ ಚೌಡೇಶ್ವರಿ ಅಮ್ಮನ ಸೀರೆ. ಅದರ ಹತ್ತಿರ ಚಪ್ಪಲಿ ಮೆಟ್ಟುವುದಿಲ್ಲ, ಕೆಟ್ಟ ಮಾತಾಡುವುದಿಲ್ಲ, ಉಗಿಯುವುದಂತೂ ಕನಸಲ್ಲೂ ಇಲ್ಲ. ಲಿಂಗಪ್ಪನ್ ನುಂಗುತ್ತಿದ್ದ. ಶಣ್ಮುಗಂ, "ಏನೇನ್ ತಿಂತೀಯ ಹೇಳು" ಅಂತ ಕೇಳಿದಾಗ ಇಡ್ಲಿಯಿಂದ ಹಿಡಿದು ಎಲೆ ಅಡಿಕೆಯವರೆಗೆ ಎಲ್ಲವನ್ನೂ ಒಪ್ಪಿಸಿದವನು ಗಂಜಿಯ ಮಾತೆತ್ತಲಿಲ್ಲ. ಮುಚ್ಚಿಟ್ಟದ್ದಲ್ಲ. ಅದು ತಿನ್ನುವುದು ಅಂತ ಅವನಿಗೆ ಹೊಳೆದಿರಲೇ ಇಲ್ಲ, ಅದು ಕೆಲಸ.

ಈ ನಡುವೆ ನಾಚಿಯಮ್ಮ ಒಂದು ಸಂಗತಿ ಕಂಡುಹಿಡಿದಳು. ಅಮಾವಾಸ್ಯೆಯ ದಿನ ಗಂಡನ ಹೊಟ್ಟೆ ತಣ್ಣಗಿರುತ್ತಿತ್ತು. ಅಮಾವಾಸ್ಯೆ ನೇಕಾರರಿಗೆ ರಜೆ. ಮಗ್ಗ ಕದಲುವುದಿಲ್ಲ, ಪಾವು ಹಾಕುವುದಿಲ್ಲ, ಮನೆಯಲ್ಲಿ ಒಪ್ಪೊತ್ತು ಊಟ. ಇದರಲ್ಲಿ ನಾಚಿಯಮ್ಮನ ಕಣ್ಣಿಗೆ ಬಿದ್ದದ್ದು ಒಪ್ಪೊತ್ತು. ಕಮ್ಮಿ ತಿಂದರೆ ಗುಣವಾಗುತ್ತದೆ ಎಂದು ಲೆಕ್ಕ ಹಾಕಿ, ಶುಕ್ರವಾರವನ್ನು ಅಮ್ಮನಿಗೆ, ಶನಿವಾರವನ್ನು ಪೆರುಮಾಳಿಗೆ, ಸೋಮವಾರವನ್ನು ಶಿವನಿಗೆ ಒಪ್ಪಿಸಿದಳು. ಶಣ್ಮುಗಂ ಕೂಡ, "ಹೊಟ್ಟೆಗೂ ರೆಸ್ಟ್ ಬೇಕಲ್ಲಕ್ಕಾ" ಎಂದು ತಲೆಯಾಡಿಸಿ ಎರಡನೇ ಲೋಟ ಕಾಫಿಗೆ ಕೈ ಚಾಚಿದ. ಲಿಂಗಪ್ಪನ್ ಖಾಲಿ ಹೊಟ್ಟೆಯಲ್ಲಿ ಎದ್ದು ಹೋಗಿ ಗಂಜಿ ನೆಕ್ಕಿ ಬರುವುದನ್ನು ಮಾತ್ರ ಬಿಡಲಿಲ್ಲ. ದೇವರುಗಳೆಲ್ಲ ಸೇರಿ ಅವನನ್ನು ಕಡ್ಡಿ ಮಾಡಿದರು.

ಎಂಬತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಶಣ್ಮುಗಂ ಲೋಟ ಕೆಳಗಿಟ್ಟು ಗಂಭೀರನಾದ. ಆಪರೇಷನ್ ಆಗಲೇಬೇಕು, ಕೋಯಮತ್ತೂರಿನಲ್ಲಿ ತನಗೆ ಗೊತ್ತಿರುವ ಸರ್ಜನ್ ಇದ್ದಾರೆ, ಹೊಟ್ಟೆಯ ಒಂದು ಭಾಗ ತೆಗೆದುಹಾಕುತ್ತಾರೆ, ಉಳಿದದ್ದರಲ್ಲಿ ಬದುಕಬಹುದು ಅಂದ. ನಾಚಿಯಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಲಿಂಗಪ್ಪನ್, "ಎಷ್ಟ್ ದಿನ ಪಾವಿಗೆ ಹೋಗೋಕಾಗಲ್ಲ?" ಅಂತ ಮಾತ್ರ ಕೇಳಿದ.

ವಿಷಯ ಕೇಳಿ ನಾಚಿಯಮ್ಮನ ತಮ್ಮ ಕೃಷ್ಣಸಾಮಿ ತಿರುಪ್ಪೂರಿನಿಂದ ಓಡಿಬಂದ. ಅವನು ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್. ಅವನು ಕತ್ತರಿಸಿದ ಬನಿಯನ್ನುಗಳು ಹಡಗು ಹತ್ತಿ ಹೋಗುತ್ತಿದ್ದರಿಂದ ಮಾತಿನಲ್ಲಿ ಸ್ವಲ್ಪ ಧಿಮಾಕಿತ್ತು.

"ಬಾವಾ, ಬಟ್ಟೆ ಕಟ್ ಮಾಡೋಕೆ ಮುಂಚೆ ನಾನು ಅಳತೆ ಹಿಡೀತೀನಿ, ಆಮೇಲೆ ಇನ್ನೊಬ್ಬ ಹಿಡೀತಾನೆ. ಬನಿಯನ್ನಿಗೇ ಅಷ್ಟು. ನಿಮ್ ಹೊಟ್ಟೆ ಕುಯ್ಯೋಕೆ ಒಬ್ಬನೇ ಸಾಕಾ?"

"ಶಣ್ಮುಗಂಗೆ ಗೊತ್ತಾದ್ರೆ ನೊಂದ್ಕೋತಾನೆ," ಅಂದ ಲಿಂಗಪ್ಪನ್.

"ಅವನು ನೊಂದ್ಕೊಂಡ್ರೆ ಹೊಲಿಗೆ ಹಾಕ್ಬೇಕಾಗಿಲ್ಲ. ನಿಮ್ಗೆ ಹಾಕ್ಬೇಕು," ಅಂದ ಕೃಷ್ಣಸಾಮಿ.

ಕೋಯಮತ್ತೂರಿನ ಗಾಂಧಿಪುರಂ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಜಾನಕಿಯಮ್ಮ ಎಂಬ ವಯಸ್ಸಾದ ಡಾಕ್ಟರಮ್ಮ ಇದ್ದಾರೆ, ತನ್ನ ಕಂಪನಿಯ ಮ್ಯಾನೇಜರ್ ಅಲ್ಲಿಗೇ ಹೋಗುವುದು ಎಂದು ಅವನು ಹೇಳಿದ. ಆದರೆ ಬೀದಿಗೆ ಏನು ಹೇಳಿ ಹೊರಡುವುದು? ಸೀರೆ ಕೊಳ್ಳಲು ಗಾಂಧಿಪುರಂಗೆ ಹೋಗುತ್ತೇವೆ ಎನ್ನೋಣವೆಂದು ಕೃಷ್ಣಸಾಮಿ ಸೂಚಿಸಿದ. ಸೀರೆ ನೇಯುವ ಬೀದಿಯಿಂದ ಸೀರೆ ಕೊಳ್ಳಲು ಹೊರಟರೆ ಅಲ್ಸರ್ ತಲೆಗೇರಿತು ಅನ್ನುತ್ತಾರೆಂದು ನಾಚಿಯಮ್ಮ ಅದನ್ನು ತಳ್ಳಿಹಾಕಿದಳು. ಕೊನೆಗೆ ಅವಳೇ ಉಪಾಯ ಮಾಡಿ, ಗಾಂಧಿಪುರಂ ಕಡೆಯ ದೂರದ ಚಿಕ್ಕಪ್ಪನೊಬ್ಬನನ್ನು ಸಾಯಿಸಿದಳು. ಆ ಬಡಪಾಯಿ ಆಗ ಎಲ್ಲೋ ಆರಾಮಾಗಿ ಕೂತಿದ್ದ. ಸಾವಿನ ಮನೆಗೆ ಹೊರಟವರನ್ನು ತಡೆದು ಮಾತಾಡಿಸುವುದು ಸರಿಯಲ್ಲವಾದ್ದರಿಂದ ಬೀದಿ ಸುಮ್ಮನೆ ದಾರಿ ಬಿಟ್ಟಿತು. ಎದುರು ಮನೆಯ ಮುತ್ತಮ್ಮಾಳ್ ಮಾತ್ರ, "ಪಾಪ, ಎಷ್ಟು ವಯಸ್ಸು?" ಅಂತ ಕೇಳಿದಳು. ನಾಚಿಯಮ್ಮ ಅದನ್ನು ನಿರ್ಧರಿಸಿರಲಿಲ್ಲ. ಅಳು ಬಂದವಳಂತೆ ಮುಖ ತಿರುಗಿಸಿದಳು.

ಜಾನಕಿಯಮ್ಮ ಹೊಟ್ಟೆ ಒತ್ತಿ ನೋಡಿದರು, ಬೆನ್ನು ತಟ್ಟಿದರು, ಕಣ್ಣ ರೆಪ್ಪೆ ಎಳೆದರು. ಲಿಂಗಪ್ಪನ್ ತಮಿಳಿನಲ್ಲಿ ತನ್ನ ಅಲ್ಸರಿನ ಕಥೆಯನ್ನು ಮೊದಲಿಂದ ಹೇಳಿದ. ಉಪವಾಸದ ಕಥೆಯನ್ನೂ ಸೇರಿಸಿದ. ಅವರು ಹ್ಞೂಂಗುಟ್ಟುತ್ತಾ ಕೇಳಿ, "ಬಾಯಿ ತೆಗೀರಿ" ಅಂದರು. ಬಾಯಿ ತೆಗೆದ. ಅವರು ನೋಡಿದರು. ಟಾರ್ಚ್ ಹಾಕಿ ಮತ್ತೆ ನೋಡಿದರು. ಹಲ್ಲಿನ ಬುಡದುದ್ದಕ್ಕೂ ಹಸಿರು ಗೆರೆ, ನಾಲಿಗೆಯ ಮೇಲೆ ಹಸಿರಿನ ಛಾಯೆ.

"ಇದೇನು?" ಅಂದರು.

ಶಣ್ಮುಗಂ ಈ ಬಾಯನ್ನು ಎಷ್ಟೋ ಸಲ ನೋಡಿದ್ದ. ಆದರೆ ಅವನು ಅದನ್ನು ಹುಡುಗನಾಗಿದ್ದಾಗಿನಿಂದ ನೋಡುತ್ತಲೇ ಬಂದವನು. ಒಬ್ಬರಿಗೆ ಮೆಳ್ಳೆಗಣ್ಣು, ಒಬ್ಬರಿಗೆ ಬೋಳುತಲೆ, ಲಿಂಗಪ್ಪಣ್ಣನಿಗೆ ಹಸಿರು ನಾಲಿಗೆ. ಬೀದಿಯವರಿಗೆ ಅದರಲ್ಲಿ ಕೇಳುವುದಕ್ಕೆ ಏನೂ ಇರಲಿಲ್ಲ.

ಲಿಂಗಪ್ಪನ್‌ಗೆ ಮೊದಲ ಬಾರಿಗೆ ಆಸ್ಪತ್ರೆಯಲ್ಲಿ ಹುರುಪು ಬಂತು. ತನ್ನ ನಾಲಿಗೆ ಎಂಥದ್ದು, ಅದು ಅಲ್ಲಿ ಇಲ್ಲ ಅಂದರೆ ಇಡೀ ಬೀದಿಯ ಮಗ್ಗ ಹೇಗೆ ನಿಲ್ಲುತ್ತದೆ ಎಂದು ಕೈ ಆಡಿಸಿ ವಿವರಿಸಿದ. ಗಂಜಿಗೆ ಏನೇನು ಬೀಳುತ್ತದೆ ಎಂದು ಹೇಳುತ್ತಾ ಮೈಲುತುತ್ತಕ್ಕೆ ಬಂದಾಗ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ನೆಕ್ಕಿ ಉಗೀತೀರಾ?"

"ಪಾವಿನ ಹತ್ರ ಎಂಗಮ್ಮಾ ಉಗಿಯೋದು?" ಅಂದ ಲಿಂಗಪ್ಪನ್. ಇಷ್ಟು ಓದಿದವರಿಗೆ ಇಷ್ಟೂ ತಿಳಿಯದೇ ಅಂತ ಅವನಿಗೆ ಆಶ್ಚರ್ಯವಾಗಿತ್ತು.

"ಎಷ್ಟು ಕಾಲದಿಂದ?"

"ಮದ್ವೆಗೆ ಮುಂಚಿಂದ."

ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಅಮಾವಾಸ್ಯೆ ದಿನ ಚೆನ್ನಾಗಿರುತ್ತೆ ಅಂದ್ರಲ್ಲ. ಅವತ್ತು ನೀವು ಏನು ಮಾಡಲ್ಲ?"

"ಹೊಟ್ಟೆ ತುಂಬ ಊಟ ಮಾಡಲ್ಲ," ಅಂದ ಲಿಂಗಪ್ಪನ್ ತಟ್ಟನೆ.

ಪಕ್ಕದಲ್ಲಿದ್ದ ನಾಚಿಯಮ್ಮ ಬಹಳ ಸಣ್ಣ ದನಿಯಲ್ಲಿ, "ಪಾವು ಹಾಕಲ್ಲ" ಅಂದಳು. ಹೇಳಿದವಳೇ ಗಂಡನ ತೋಳನ್ನು ಹಿಡಿದುಕೊಂಡಳು. ಆ ತೋಳು ಎಷ್ಟು ಸಣ್ಣಗಾಗಿದೆ ಎಂದು ಅವಳಿಗೆ ಕೈಗೆ ಸಿಕ್ಕಾಗಲೇ ಗೊತ್ತಾದದ್ದು. ಶುಕ್ರವಾರ, ಶನಿವಾರ, ಸೋಮವಾರ ತಟ್ಟೆ ಮುಂದಿಡದೆ ಕಳಿಸಿದ್ದು ತಾನೇ ಅಂತ ಅವಳ ಕಣ್ಣು ತುಂಬಿತು. ಈ ಸಲ ಮುಖ ತಿರುಗಿಸಲಿಲ್ಲ.

ಅಲ್ಸರ್ ಇರಬಹುದು, ಇಲ್ಲದಿರಬಹುದು, ರಕ್ತ ಪರೀಕ್ಷೆ ಮಾಡಿಸೋಣ, ಆದರೆ ಈಗ ಯಾರೂ ಹೊಟ್ಟೆ ಕುಯ್ಯಬೇಕಾಗಿಲ್ಲ, ಮೈಲುತುತ್ತ ವಿಷ, ಮೊದಲು ನೆಕ್ಕುವುದನ್ನು ನಿಲ್ಲಿಸಿ, ಹೊತ್ತು ಹೊತ್ತಿಗೆ ಊಟ ಮಾಡಿ, ಮಳೆ ಶುರುವಾದ ಮೇಲೆ ಬಂದು ತೋರಿಸಿ ಅಂದರು ಡಾಕ್ಟರಮ್ಮ. ಕೃಷ್ಣಸಾಮಿಗೆ ಇದು ಸರಿಬರಲಿಲ್ಲ. ಬಸ್ ಹತ್ತಿ ಇಷ್ಟು ದೂರ ಬಂದವರಿಗೆ ಒಂದು ಇಂಜೆಕ್ಷನ್ ಕೂಡ ಇಲ್ಲವೇ? ಅವನು ಅಲ್ಲೇ ನಿಂತ. ಡಾಕ್ಟರಮ್ಮ ಒಂದು ಟಾನಿಕ್ ಬರೆದುಕೊಟ್ಟರು. ಅವನು ತೃಪ್ತನಾಗಿ ಹೊರಟ.

ವಾಪಸ್ ಬರುವಾಗ ಬಸ್ಸಿನಲ್ಲಿ ನಾಚಿಯಮ್ಮ ಮತ್ತೆ ಮತ್ತೆ ಅಮ್ಮನಿಗೆ ಕೈ ಮುಗಿದಳು. ಲಿಂಗಪ್ಪನ್ ಕಿಟಕಿಯ ಆಚೆ ನೋಡುತ್ತಿದ್ದ. ಹೊಟ್ಟೆ ಉಳಿಯಿತು ಅಂತ ಖುಷಿಪಡಬೇಕಾಗಿತ್ತು. ಅವನಿಗೆ ಭಯವಾಗಿತ್ತು. ನಾಲಿಗೆ ತೆಗೆದರೆ ಉಳಿಯುವುದು ಒಂದೂವರೆ ಕಾಲಿನ, ನೇಯಲು ಬಾರದ, ವಯಸ್ಸಾದ ಒಬ್ಬ ಗಂಡಸು. ಅಂಥವನನ್ನು ಬೀದಿ ಏನು ಮಾಡುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ಅವನು ಒಮ್ಮೆ ಬದುಕಿ ಮುಗಿಸಿದ್ದ. "ನಾಚೀ, ಯಾರಿಗೂ ಹೇಳ್ಬೇಡ" ಅಂದ. "ಹೇಳಲ್ಲ, ನೀವು ನೆಕ್ಬೇಡಿ" ಅಂದಳು ಅವಳು.

ಮನೆಗೆ ಬಂದಾಗ ಇನ್ನೊಂದು ತೊಂದರೆ ಕಾದಿತ್ತು. ಸಾವಿನ ಮನೆಯಿಂದ ಬಂದವರು ತಲೆಗೆ ನೀರು ಹಾಕಿಕೊಳ್ಳದೆ ಹೊಸಿಲು ದಾಟುವಂತಿಲ್ಲ. ಮುತ್ತಮ್ಮಾಳ್ ಆಗಲೇ ಅಂಗಳದಲ್ಲಿ ಎರಡು ಕೊಡ ತಣ್ಣೀರು ತುಂಬಿಸಿ ಇಟ್ಟು ಕಾಯುತ್ತಿದ್ದಳು. ಸಾಯದ ಚಿಕ್ಕಪ್ಪನಿಗಾಗಿ ಇಬ್ಬರೂ ಉಟ್ಟ ಬಟ್ಟೆಯಲ್ಲೇ ಅಂಗಳದಲ್ಲಿ ನಿಂತು, ನಡುಗುತ್ತಾ ಸ್ನಾನ ಮಾಡಿದರು. ಕೃಷ್ಣಸಾಮಿ ಜಾಣ, ಸೂಲೂರಿನಲ್ಲೇ ಬೇರೆ ಬಸ್ ಹಿಡಿದಿದ್ದ.

ಮಾರನೆಯ ಬೆಳಿಗ್ಗೆ ಲಿಂಗಪ್ಪನ್ ಹಂಡೆಯ ಮುಂದೆ ನಿಂತು ತೋರುಬೆರಳು ಅದ್ದಿದ. ಬಾಯಿಗೆ ಇಡುವಾಗ ನಡುಬೆರಳು ಇಟ್ಟ. ಕಣ್ಣು ಮುಚ್ಚಿದ. ಬಾಯಲ್ಲಿ ಬೆರಳಿನ ಉಪ್ಪು ಬಿಟ್ಟರೆ ಏನೂ ಇರಲಿಲ್ಲ. "ಆಯ್ತು" ಅಂದ. ಬುರುಸುಗಳು ಎದ್ದವು.

ಆ ದಿನ ಅವನು ಮಗ್ಗಗಳ ಸದ್ದು ಕೇಳುತ್ತಾ ಜಗಲಿಯಲ್ಲೇ ಕೂತಿದ್ದ. ಯಾವ ಮಗ್ಗ ನಿಂತರೂ ಎಳೆ ಹರಿಯಿತೆಂದು ಬೆವರುತ್ತಿದ್ದ. ನೇಯುವವರು ನೀರು ಕುಡಿಯಲು ಎದ್ದಿರುತ್ತಿದ್ದರು, ಮತ್ತೆ ಸದ್ದು ಶುರುವಾಗುತ್ತಿತ್ತು. ಮರುದಿನವೂ ಹಾಗೇ. ಮುಂದಿನ ವಾರವೂ. ಎಳೆ ಹಿಂದೆ ಎಷ್ಟು ಹರಿಯುತ್ತಿತ್ತೋ ಅಷ್ಟೇ ಹರಿಯುತ್ತಿತ್ತು. ಮಳೆ ಶುರುವಾದಾಗ ಈಗ ಬೂಷ್ಟು ಬರುತ್ತದೆ, ಈಗ ಸಿಕ್ಕಿಬೀಳುತ್ತೇನೆ ಅಂದುಕೊಂಡ. ಬೂಷ್ಟೂ ಬರಲಿಲ್ಲ.

ಹೊಟ್ಟೆ ಮಾತ್ರ ದಿನದಿನಕ್ಕೆ ಸುಧಾರಿಸಿತು. ಮೊದಲು ವಾಕರಿಕೆ ಹೋಯಿತು, ಆಮೇಲೆ ಉರಿ. ಗಾಂಧಿಪುರಂಗೆ ಮತ್ತೆ ಹೋದಾಗ, ಅದಕ್ಕಾಗಿ ನಾಚಿಯಮ್ಮ ಚಿಕ್ಕಪ್ಪನ ಹೆಂಡತಿಯನ್ನೂ ಸಾಯಿಸಬೇಕಾಯಿತು, ಡಾಕ್ಟರಮ್ಮ ಹಸಿರು ಗೆರೆ ಮಾಸಿದ ಒಸಡು ನೋಡಿ ನಕ್ಕರು. ಹುರುಳಿ ಚಟ್ನಿ ತಟ್ಟೆಗೆ ವಾಪಸು ಬಂತು. ಶಣ್ಮುಗಂ ಜಗಲಿಯಲ್ಲಿ ಕೂತು, "ನೋಡಿದ್ಯಾ ಅಣ್ಣಾ, ನನ್ನ ಪಥ್ಯ ಹಿಡೀತು, ಆಪರೇಷನ್ನೇ ಬೇಕಾಗಿಲ್ಲ" ಅಂದ. ಯಾರೂ ತಿದ್ದಲಿಲ್ಲ. ನಾಚಿಯಮ್ಮ ಅವನಿಗೆ ಕಾಫಿ ಕೊಟ್ಟು, ಅವನ ಕಣ್ಣೆದುರಿಗೇ ಗಂಡನಿಗೂ ಒಂದು ಲೋಟ ಕೊಟ್ಟಳು.

ಆದರೆ ಹೊಟ್ಟೆ ವಾಸಿಯಾದಷ್ಟೂ ಲಿಂಗಪ್ಪನ್‌ನ ಮನಸ್ಸು ಕೆಡುತ್ತಾ ಬಂತು. ಎಳೆ ಹರಿದಿದ್ದರೆ ಬಯ್ಯಿಸಿಕೊಂಡು ಸುಮ್ಮನಾಗಬಹುದಿತ್ತು. ಹರಿಯಲಿಲ್ಲವಲ್ಲ! ಹಾಗಾದರೆ ಇಷ್ಟು ಕಾಲ ನುಂಗಿದ ವಿಷಕ್ಕೆ ಏನರ್ಥ? ನಾಲಿಗೆ ಇಲ್ಲದೆಯೂ ಗಂಜಿ ಬೇಯುತ್ತದೆ ಅನ್ನುವುದಾದರೆ ಆ ಬೀದಿಯಲ್ಲಿ ತಾನು ಇದ್ದದ್ದು ಯಾತಕ್ಕೆ? ಹಸಿವೆ ಬಂದಿತ್ತು, ಊಟ ರುಚಿಸುತ್ತಿತ್ತು, ತಟ್ಟೆಯ ಮುಂದೆ ಕೂತು ಅವನು ನಿಟ್ಟುಸಿರು ಬಿಡುತ್ತಿದ್ದ.

ಒಂದು ಅಮಾವಾಸ್ಯೆಯ ಮಧ್ಯಾಹ್ನ ಮುತ್ತಮ್ಮಾಳ್ ಬಂದು ಜಗಲಿಯ ಮೇಲೆ ಕೂತಳು. ಬೀದಿಯಲ್ಲಿ ಅವಳಿಗಿಂತ ಹಿರಿಯ ನೇಯ್ಗೆಯವರಿಲ್ಲ. ಮುಚ್ಚುಮರೆಯ ಮಾತೂ ಅವಳಲ್ಲಿಲ್ಲ.

"ಲಿಂಗಪ್ಪಾ, ಬೆರಳು ಬದ್ಲಾಯ್ಸಿ ನೆಕ್ತೀಯಲ್ಲ, ಹೊಟ್ಟೆ ಈಗ ಎಂಗದೆ?"

ಲಿಂಗಪ್ಪನ್ ನಡುಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. ಬಾಗಿಲಲ್ಲಿದ್ದ ನಾಚಿಯಮ್ಮ ಒಳಕ್ಕೆ ಸರಿದಳು.

"ಯಾವಾಗ ನೋಡಿದೆ, ಅಕ್ಕಾ?" ಅಂದ ಅವನು.

"ಮೊದಲ್ನೇ ದಿನಾನೇ. ಎಲ್ಲಾ ನಿನ್ ಬಾಯೇ ನೋಡ್ತಾ ನಿಂತಿರ್ತೀವಿ, ಕಾಣಲ್ವಾ? ಮೂಲೆಮನೆ ರಾಮಾಯಿ ನೋಡಿದಳು, ಅವಳ ಪಕ್ಕ ಬುರುಸು ಹಿಡ್ದಿದ್ದ ಚೆನ್ನಕೇಶವನ್ ನೋಡಿದ. ಹೊಟ್ಟೆಗೆ ಆಗಲ್ಲ ಅಂತ ಬಿಟ್ಟಿದಾನೆ, ಬಿಡಲಿ ಅಂದ್ಕೊಂಡ್ವಿ."

"ಗೊತ್ತಿದ್ದೂ ಯಾಕೆ ನನ್ನ ಕಾಯ್ತೀರಿ?"

ಮುತ್ತಮ್ಮಾಳ್ ಅವನನ್ನು ಪೆದ್ದನನ್ನು ನೋಡುವಂತೆ ನೋಡಿದಳು. "ಯಾರಾದ್ರೂ ಒಬ್ರು ಆಯ್ತು ಅನ್ಬೇಕಲ್ಲಪ್ಪಾ! ನಾನಂದ್ರೆ ರಾಮಾಯಿ ಒಪ್ಪಲ್ಲ. ಅವಳಂದ್ರೆ ನಾನು ಸತ್ರೂ ಒಪ್ಪಲ್ಲ. ಗಂಡಸ್ರಿಗೆ ಬಿಟ್ರೆ ಬಿಸಿಲು ನೆತ್ತಿಗೆ ಬಂದ್ರೂ ಮುಗಿಯಲ್ಲ. ಎಳೆ ಹರಿದ್ರೆ ಬಯ್ಯೋಕೂ ಒಬ್ಬ ಬೇಕು. ನೀನಿಲ್ದೆ ಇದ್ರೆ ಈ ಬೀದೀಲಿ ಒಂದು ಪಾವು ಎದ್ದೀತಾ?"

"ಅಂಗಾದ್ರೆ ನನ್ ನಾಲಿಗೆ ಯಾವತ್ತೂ ಬೇಕಿರ್ಲಿಲ್ವಾ?"

"ಅದು ನಂಗೇನ್ ಗೊತ್ತು?" ಅಂದಳು ಮುತ್ತಮ್ಮಾಳ್. "ಅದು ನಿನ್ ನಾಲಿಗೆ." ಎದ್ದು ಸೀರೆ ಕೊಡವಿಕೊಂಡು ತನ್ನ ಮನೆಗೆ ನಡೆದಳು.

ಲಿಂಗಪ್ಪನ್‌ಗೆ ಮೊದಲು ಸಿಟ್ಟು ಬಂತು. ವಯಸ್ಸನ್ನೆಲ್ಲ ಸುರಿದು ಸಂಪಾದಿಸಿದ ಹೆಸರನ್ನು ಈ ಮುದುಕಿ ಬಯ್ಗುಳ ತಿನ್ನುವ ಕೆಲಸಕ್ಕೆ ಇಳಿಸಿಬಿಟ್ಟಳಲ್ಲ ಅಂತ. ಸಿಟ್ಟು ಇಳಿದ ಮೇಲೆ ಅವಳ ಮಾತು ಮತ್ತೆ ನೆನಪಾಯಿತು. ಇಡೀ ಬೀದಿ ಗಂಜಿಯಿಲ್ಲದ ಬೆರಳನ್ನು ನೋಡುತ್ತಾ, ಗೊತ್ತಿದ್ದೂ ಗೊತ್ತಿಲ್ಲದವರಂತೆ ನಿಂತಿತ್ತು. ಅವನು ಅತ್ತ. ನಾಚಿಯಮ್ಮ ಹೊಟ್ಟೆನೋವು ಮರಳಿತೆಂದು ಗಾಬರಿಯಾಗಿ ನೀರು ತಂದಳು.

ಮಾರನೆಯ ಬೆಳಿಗ್ಗೆ ಪಾವು ಮುತ್ತಮ್ಮಾಳ್ ಮನೆಯದು. ಬೀದಿಯುದ್ದಕ್ಕೂ ಎಳೆ ಕಟ್ಟಿ, ಬುರುಸು ಹಿಡಿದು ಎಲ್ಲರೂ ನಿಂತಿದ್ದರು. ಲಿಂಗಪ್ಪನ್ ಕಾಲೆಳೆಯುತ್ತಾ ಬಂದು ಹಂಡೆಯ ಮುಂದೆ ನಿಂತ. ಬೆರಳು ಅದ್ದಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ. ಗಂಜಿ ಸರಿಯಾಗಿ ಬೆಂದಿತ್ತು, ಯಾರ ಕಣ್ಣಿಗಾದರೂ ಕಾಣುವಂತಿತ್ತು. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.

"ಇನ್ನೊಂದ್ ಕುದಿ ಬರ್ಲಿ," ಅಂದ ಲಿಂಗಪ್ಪನ್.

ಮುತ್ತಮ್ಮಾಳ್ ಬಾಯಿ ತೆರೆದಳು, ಅವನ ಮುಖ ನೋಡಿದಳು, ಮುಚ್ಚಿದಳು. ಕೈಯಲ್ಲಿದ್ದ ಬುರುಸನ್ನು ಕೆಳಗಿಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಉಳಿದವರೂ ಕೂತರು. ಕಾದರು.